ಶಾಂಪೂ ಪ್ಯಾಕೆಟ್ಟಿನೊಳಗೆ ಏನಿದೆ ಎಂದು ನಮಗೂ ತಿಳಿಯಲಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಮಹಿಳಾ ಪುರವಣಿಯಲ್ಲಿ ಕೂದಲ ಆರೈಕೆಯ ಬಗ್ಗೆ ಅರ್ಧ ಪುಟದ ಲೇಖನ ಬಂದಿತ್ತು. ಕೂದಲು ಪ್ರೊಟೀನಿನಿಂದ ಆದದ್ದು, ಆದ್ದರಿಂದ ಕೂದಲು ಸೊರಗಿದವರೆಲ್ಲ ವಾರಕ್ಕೊಮ್ಮೆ ಮೊಟ್ಟೆ ಮೊಸರು ಹಚ್ಚಬೇಕು, ಕೆರಾಟಿನ್ ಎಂಬ ಪ್ರೊಟೀನು ಇರುವ ಶಾಂಪೂ ಬಳಸಬೇಕು, ತಲೆ ಆರಿದ ಮೇಲೆ ನಾಲ್ಕು ಹನಿ ಸೀರಮ್ ಸವರಬೇಕು ಎಂದು ಅದರಲ್ಲಿತ್ತು. ಓದಿ ಪತ್ರಿಕೆ ಮಡಿಸಿಟ್ಟೆ, ಆದರೆ ಮನಸ್ಸು ತಡೆಯಲಿಲ್ಲ. ಇದೇ ಮಾತನ್ನು ನಂಬಿ ನಾನು ಒಂದೂವರೆ ವರ್ಷ ಪಾಡು ಪಟ್ಟಿದ್ದೇನೆ. ನಾನು ಸುಮ್ಮನಿದ್ದರೆ ನನ್ನಂಥ ಕೂದಲಿರುವ ಇನ್ನೊಬ್ಬಳು ಈ ಭಾನುವಾರವೇ ಮೊಟ್ಟೆ ಒಡೆದುಕೊಂಡು ಬಚ್ಚಲುಮನೆಗೆ ಹೋಗುತ್ತಾಳೆ. ಶಾಂಪೂ ಪ್ಯಾಕೆಟ್ಟಿನ ಮಾತು ಕೊನೆಗೆ ಬರುತ್ತದೆ. ಪತ್ರ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಾನು ಶಿಡ್ಲಘಟ್ಟದವಳು, ವಯಸ್ಸು 53. ಮದುವೆಯಾಗಿ ಬಂದ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಇಪ್ಪತ್ತು ವರ್ಷ ಬಿಸಿನೀರಿನ ಬೇಸಿನ್ ಮುಂದೆ ಕುಳಿತು ಗೂಡಿನಿಂದ ಎಳೆ ತೆಗೆದಿದ್ದೇನೆ. ಈಗ ಅದನ್ನು ಬಿಟ್ಟು ಮನೆಯಲ್ಲೇ ಸೀರೆಗಳಿಗೆ ಕುಚ್ಚು ಕಟ್ಟುತ್ತೇನೆ. ಎಳೆಯ ವಿಷಯದಲ್ಲಿ ನನ್ನ ಬೆರಳುಗಳಿಗೆ ಒಂದಿಷ್ಟು ತಿಳಿವಳಿಕೆ ಇದೆ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ನನ್ನ ಕೂದಲು ಹುಟ್ಟಿನಿಂದಲೇ ನವಿರು. ಎಣಿಕೆಯಲ್ಲಿ ಕಡಿಮೆಯೇನಲ್ಲ, ನೆತ್ತಿ ಕಾಣುವುದಿಲ್ಲ. ಆದರೆ ಒಂದೊಂದು ಎಳೆಯೂ ಬಹಳ ಸಣ್ಣ. ಎಷ್ಟು ಉದ್ದ ಬಿಟ್ಟರೂ ಜಡೆ ಇಲಿಬಾಲದ ಹಾಗೆ ಕೆಳಗೆ ಚೂಪಾಗುತ್ತದೆ. ನಮ್ಮಲ್ಲಿ ಇದನ್ನೂ ‘ತೆಳುಕೂದಲು’ ಎನ್ನುತ್ತಾರೆ, ಉದುರಿ ವಿರಳವಾದದ್ದನ್ನೂ ‘ತೆಳುಕೂದಲು’ ಎನ್ನುತ್ತಾರೆ. ಎರಡೂ ಬೇರೆ ಬೇರೆ. ನವಿರು ಎಂಬ ಮಾತು ಚೆನ್ನಾಗಿದೆ. ಹಳಗನ್ನಡದಲ್ಲಿ ಕೂದಲಿಗೇ ನವಿರು ಎನ್ನುತ್ತಿದ್ದರಂತೆ, ಮೈ ನವಿರೇಳುವುದು ಎಂದರೆ ರೋಮ ನಿಲ್ಲುವುದು. ಹಾಗಾಗಿ ಈ ಪತ್ರದಲ್ಲಿ ನವಿರು ಕೂದಲು ಎಂದೇ ಬರೆಯುತ್ತೇನೆ.

ನಿಮ್ಮದು ಯಾವುದು ಎಂದು ನೋಡುವುದು ಸುಲಭ. ಬಾಚಣಿಗೆಯಲ್ಲಿ ಸಿಕ್ಕ ಒಂದೇ ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಉಜ್ಜಿ. ಒರಟು ಕೂದಲಾದರೆ ಹೊಲಿಗೆ ದಾರ ಉರುಳಿದಂತೆ ಬೆರಳಿಗೆ ಸಿಗುತ್ತದೆ. ನವಿರು ಕೂದಲಾದರೆ ಕೈಯಲ್ಲಿ ಏನೋ ಇದೆ ಎಂದೇ ಗೊತ್ತಾಗುವುದಿಲ್ಲ, ಬೆಳಕಿಗೆ ಹಿಡಿದರಷ್ಟೇ ಕಾಣುತ್ತದೆ. ಒರಟು ಕೂದಲು 80–100 ಮೈಕ್ರಾನ್ ದಪ್ಪ ಇದ್ದರೆ ನವಿರು ಕೂದಲು 50–60 ಮೈಕ್ರಾನ್ ಇರುತ್ತದೆ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಕಣ್ಣಿಗೆ ಏನೂ ಅಲ್ಲದ ಈ ವ್ಯತ್ಯಾಸ ಬಚ್ಚಲುಮನೆಯಲ್ಲಿ ಬಹಳ ದೊಡ್ಡದು.

ಕೆಲವು ವರ್ಷಗಳ ಹಿಂದೆ ನನಗೆ ಟೈಫಾಯ್ಡ್ ಬಂತು. ಜ್ವರ ಬಿಟ್ಟು ಮೂರು ತಿಂಗಳಿಗೆ ಕೂದಲು ಮುಷ್ಟಿಮುಷ್ಟಿಯಾಗಿ ಉದುರಲು ಶುರುವಾಯಿತು. ದೊಡ್ಡ ಜ್ವರದ ಎರಡು ಮೂರು ತಿಂಗಳ ನಂತರ ಹೀಗೆ ಉದುರುವುದು ಸಾಮಾನ್ಯ, ತಾನಾಗಿ ನಿಲ್ಲುತ್ತದೆ, ಹೊಟ್ಟೆಗೆ ಚೆನ್ನಾಗಿ ತಿನ್ನಿ ಎಂದು ವೈದ್ಯರು ಹೇಳಿದರು. ಅವರ ಮಾತು ಸರಿಯಾಗಿತ್ತು. ಆದರೆ ನನಗೆ ಹೆದರಿಕೆ. ಹಿರಿಯ ಮಗನ ಮದುವೆ ಬೇರೆ ಗೊತ್ತಾಗಿತ್ತು. ಫ್ಯಾನ್ಸಿ ಸ್ಟೋರಿಗೆ ಹೋಗಿ ‘ಕೂದಲು ಗಟ್ಟಿಯಾಗುವುದು ಕೊಡಿ’ ಎಂದೆ. ಪ್ರೊಟೀನ್ ಶಾಂಪೂ, ಪ್ರೊಟೀನ್ ಕಂಡೀಷನರ್, ಮೇಲಿಂದ ಒಂದು ಸಣ್ಣ ಸೀಸೆ ಸೀರಮ್ ಕೊಟ್ಟರು. ಮೊದಲ ಎರಡು ಸಲ ಕೂದಲು ನಿಜವಾಗಿಯೂ ನುಣುಪಾಗಿತ್ತು, ದಟ್ಟವಾಗಿ ತುಂಬಿಕೊಂಡಂತೆ ಕಂಡಿತು. ನಾಲ್ಕನೆಯ ವಾರದ ಹೊತ್ತಿಗೆ ಬೆರಳು ಒಳಗೆ ಹೋಗದಾಯಿತು. ಬುಡ ಎಣ್ಣೆ ಸುರಿದ ಹಾಗೆ ನೆತ್ತಿಗೆ ಅಂಟಿಕೊಳ್ಳುವುದು, ತುದಿ ತೆಂಗಿನ ನಾರಿನ ಹಾಗೆ ಬಿರುಸಾಗಿ ನಿಲ್ಲುವುದು. ಒಂದೇ ಕೂದಲು, ಮೇಲೆ ಜಿಡ್ಡು, ಕೆಳಗೆ ನಾರು.

ಆಗ ಮನೆಮದ್ದು ಒಳ್ಳೆಯದೆಂದು ಮೊಟ್ಟೆಗೆ ಬಂದೆ. ಎರಡು ಮೊಟ್ಟೆ ಕಲಸಿ ಹಚ್ಚಿ ಅರ್ಧ ಗಂಟೆ ಬಿಟ್ಟು, ಹಂಡೆಯ ನೀರು ಹದವಾಗಿದೆ ಎಂದುಕೊಂಡು ತಲೆಗೆ ಸುರಿದೆ. ನೀರು ನಾನು ಅಂದುಕೊಂಡದ್ದಕ್ಕಿಂತ ಬಿಸಿಯಿತ್ತು. ಮೊಟ್ಟೆ ಕೂದಲಲ್ಲೇ ಬೆಂದು ಬಿಳಿ ಚೂರುಗಳಾಗಿ ಕಚ್ಚಿಕೊಂಡಿತು. ಅದನ್ನು ಬಿಡಿಸಲು ಹೋಗಿ ಎಷ್ಟು ಕೂದಲು ಕಿತ್ತೆನೋ ಲೆಕ್ಕವಿಲ್ಲ. ಆಮೇಲೆ ತಿಳಿಯಿತು, ಹಸಿ ಮೊಟ್ಟೆಯ ಪ್ರೊಟೀನು ಬಹಳ ದೊಡ್ಡ ಕಣವಂತೆ, ಕೂದಲೊಳಗೆ ಇಳಿಯುವುದೇ ಇಲ್ಲ, ಮೇಲೆ ಕೂತು ಒಣಗುತ್ತದೆ. ಶಾಂಪೂವಿನಲ್ಲಿ ಹಾಕುವುದು ಒಡೆದು ಸಣ್ಣ ಮಾಡಿದ ಪ್ರೊಟೀನು. ಅದರಲ್ಲಿ ಬಹಳ ಚಿಕ್ಕ ಕಣಗಳು ಸ್ವಲ್ಪ ಒಳಗೆ ಹೋಗುತ್ತವೆ, ಉಳಿದದ್ದು ಮೇಲೆ ಪೊರೆ ಕಟ್ಟುತ್ತದೆ.

ಮದುವೆಗೆ ಹದಿನೈದು ದಿನ ಇರುವಾಗ ಪಾರ್ಲರಿಗೆ ಹೋದೆ. ಅಲ್ಲಿದ್ದ ಹುಡುಗಿ ಒಳ್ಳೆಯವಳು, ಅವಳಿಗೆ ಹೇಳಿಕೊಟ್ಟದ್ದನ್ನು ಹೇಳಿದಳು: ‘ಆಂಟಿ, ನಿಮ್ಮ ಕೂದಲಿಗೆ ಪ್ರೊಟೀನ್ ಸಾಲದು, ಅದಕ್ಕೇ ಹೀಗೆ ಒರಟಾಗಿದೆ. ಸ್ಪಾ ಮಾಡಿಸಿಕೊಳ್ಳಿ.’ ಮಾಡಿಸಿಕೊಂಡೆ. ಮದುವೆಯ ದಿನ ಸಿಂಗಾರ ಮಾಡುವವರು ಬಾಚಣಿಗೆ ಹಾಕಿದರೆ ಚಟಚಟನೆ ಸದ್ದು. ಕೂದಲು ಬೇರಿನಿಂದ ಬರುತ್ತಿರಲಿಲ್ಲ, ನಡುವೆ ತುಂಡಾಗುತ್ತಿತ್ತು. ಬೀಗರ ಮುಂದೆ ಕುಳಿತು ಸೆರಗಿನ ಮೇಲಿಂದ ಬೆರಳುದ್ದದ ತುಂಡುಗಳನ್ನು ಆರಿಸುತ್ತ ಕಣ್ಣಲ್ಲಿ ನೀರು ತಡೆದುಕೊಂಡದ್ದು ಇನ್ನೂ ನೆನಪಿದೆ.

ಈ ಒಂದು ವಿಷಯವನ್ನು ಎಲ್ಲರೂ ಗಮನಿಸಬೇಕು. ಬಿದ್ದ ಕೂದಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಬಿಳಿ ಗಂಟು ಇದ್ದರೆ ಅದು ಬೇರಿನಿಂದ ಉದುರಿದ್ದು. ದಿನಕ್ಕೆ 50ರಿಂದ 100 ಹಾಗೆ ಉದುರುವುದು ಸಹಜ. ಗಂಟಿಲ್ಲದೆ ಗಿಡ್ಡ ತುಂಡಾಗಿದ್ದರೆ ಅದು ಮುರಿದದ್ದು. ಉದುರುವುದಕ್ಕೆ ಕಾರಣ ಮೈಯೊಳಗೆ ಇರುತ್ತದೆ: ಜ್ವರ, ರಕ್ತ ಕಡಿಮೆ, ಥೈರಾಯ್ಡ್. ಅದಕ್ಕೆ ವೈದ್ಯರ ಹತ್ತಿರ ಹೋಗಬೇಕು. ಮುರಿಯುವುದಕ್ಕೆ ಕಾರಣ ಹೆಚ್ಚಾಗಿ ನಾವು ಹಚ್ಚುವುದರಲ್ಲಿ, ಎಳೆಯುವುದರಲ್ಲಿ, ನೀರಿನಲ್ಲಿ ಇರುತ್ತದೆ. ನನಗೆ ಶುರುವಾದದ್ದು ಉದುರುವಿಕೆ, ನಾನಾಗಿ ತಂದುಕೊಂಡದ್ದು ಮುರಿಯುವಿಕೆ. ಎರಡಕ್ಕೂ ಒಂದೇ ಸೀಸೆಯ ಔಷಧ ಎಂದು ನಂಬಿದ್ದೇ ತಪ್ಪಾಯಿತು.

ಬುದ್ಧಿ ಬಂದದ್ದು ರೇಷ್ಮೆಯಿಂದ. ಮದುವೆಯ ಗಡಿಬಿಡಿ ಮುಗಿದ ಮೇಲೆ ಒಂದು ದಿನ ಕುಚ್ಚಿನ ಕೆಲಸಕ್ಕೆ ಕುಳಿತಿದ್ದೆ. ಎದುರಿಗೆ ಅಂಟು ತೆಗೆಯದ ಕಚ್ಚಾ ರೇಷ್ಮೆಯ ಲಡಿ ಒಂದು, ಅಂಟು ತೆಗೆದು ಬಣ್ಣ ಹಾಕಿದ ಲಡಿ ಒಂದು. ಕಚ್ಚಾ ಲಡಿಯನ್ನು ಹಿಡಿದ ಕೈಯಲ್ಲೇ ನನ್ನ ಜಡೆಯ ತುದಿಯನ್ನು ಹಿಡಿದೆ. ಎರಡೂ ಒಂದೇ. ಅದೇ ಬಿರುಸು, ಅದೇ ಮಂಕು, ಮಡಿಸಿದರೆ ಮಡಿಸಿದ ಹಾಗೇ ನಿಲ್ಲುವುದು.

ಗೂಡಿನ ಎಳೆ ಎರಡು ಬಗೆಯ ಪ್ರೊಟೀನಿನಿಂದ ಆಗಿರುತ್ತದೆ. ಒಳಗೆ ಫೈಬ್ರೋಯಿನ್, ಅದೇ ನಿಜವಾದ ರೇಷ್ಮೆ. ಹೊರಗೆ ಸೆರಿಸಿನ್, ಹುಳು ಗೂಡನ್ನು ಅಂಟಿಸುವ ಗೋಂದು. ತೂಕದಲ್ಲಿ ಹೆಚ್ಚೂಕಡಿಮೆ ಕಾಲು ಭಾಗ ಈ ಗೋಂದೇ ಇರುತ್ತದೆ. ಬಿಸಿನೀರಿನಲ್ಲಿ ಅದು ಮೆತ್ತಗಾದರಷ್ಟೇ ನಮಗೆ ಎಳೆ ಸಿಗುವುದು. ಎಂಟು ಹತ್ತು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡಿದಾಗ ಅದೇ ಗೋಂದು ಒಣಗಿ ಅವನ್ನು ಒಂದಾಗಿ ಹಿಡಿಯುತ್ತದೆ. ಆಮೇಲೆ ಸೋಪು, ಸೋಡಾ ಹಾಕಿ ಕುದಿಸಿ ಆ ಗೋಂದನ್ನು ತೆಗೆದರೆ ಮಾತ್ರ ರೇಷ್ಮೆಗೆ ಮೃದು, ಹೊಳಪು, ಜಾರುವ ಗುಣ ಬರುತ್ತದೆ. ಕುದಿಸುವುದು ಹೆಚ್ಚಾದರೆ ಎಳೆಯೇ ಸೋಲುತ್ತದೆ, ಅದೂ ಗೊತ್ತಿರಬೇಕು. ಪ್ರೊಟೀನು ಎಂದ ಮಾತ್ರಕ್ಕೆ ಮೃದುವಾಗಬೇಕಿಲ್ಲ ಎಂದು ನಮ್ಮ ಊರಿನ ಪ್ರತಿ ಮನೆಗೂ ಗೊತ್ತು. ಅಂಟೂ ಪ್ರೊಟೀನೇ. ನಾನು ಒಂದೂವರೆ ವರ್ಷ ನನ್ನ ಕೂದಲಿಗೆ ಅಂಟು ಸವರುತ್ತಿದ್ದೆ.

ಗಂಜಿ ಹಾಕುವುದನ್ನು ನೆನೆದರೂ ಸಾಕು. ದಪ್ಪ ಹತ್ತಿ ಸೀರೆಗೆ ಒಂದು ಲೋಟ ಗಂಜಿ ಹಾಕಿದರೆ ನೆರಿಗೆ ಚೆನ್ನಾಗಿ ನಿಲ್ಲುತ್ತದೆ. ಅದೇ ಗಂಜಿಯನ್ನು ತೆಳ್ಳನೆಯ ಮಲ್ ಬಟ್ಟೆಗೆ ಹಾಕಿ ನೋಡಿ. ಕಾಗದವಾಗುತ್ತದೆ, ಮಡಿಕೆಯಲ್ಲಿ ಹರಿಯುತ್ತದೆ.

ನನ್ನ ತಂಗಿಯ ಮಗಳು ಆಗ ಬಿ.ಎಸ್ಸಿ. ಓದುತ್ತಿದ್ದಳು. ರಜೆಗೆ ಬಂದವಳ ಮುಂದೆ ನನ್ನ ಮೂರು ಸೀಸೆಗಳನ್ನು ಇಟ್ಟೆ. ನಾನು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳು. ಸೀಸೆಯ ಹಿಂಬದಿಯ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳನ್ನು ಅದುವರೆಗೆ ಓದಲು ಹೋಗಿರಲಿಲ್ಲ. ಅವಳು ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಒಂದೊಂದೇ ಹೆಸರು ಓದಿದಳು. ನಾನು ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಶಾಂಪೂವಿನಲ್ಲಿ ಹೈಡ್ರೊಲೈಸ್ಡ್, ಅಂದರೆ ಒಡೆದು ಸಣ್ಣ ಮಾಡಿದ, ಕೆರಾಟಿನ್. ಕಂಡೀಷನರಿನಲ್ಲಿ ಹೈಡ್ರೊಲೈಸ್ಡ್ ವೀಟ್ ಪ್ರೊಟೀನ್, ಅಂದರೆ ಗೋಧಿಯದು, ಜೊತೆಗೆ ಅಮೋಡೈಮೆಥಿಕೋನ್. ಸೀರಮಿನಲ್ಲಿ ಸೈಕ್ಲೋಪೆಂಟಾಸಿಲೋಕ್ಸೇನ್, ಡೈಮೆಥಿಕೊನಾಲ್. ‘ದೊಡ್ಡಮ್ಮ, ಈ ಕೋನ್, ಕೊನಾಲ್, ಸಿಲೋಕ್ಸೇನ್ ಎಂದು ಮುಗಿಯುವುದೆಲ್ಲ ಸಿಲಿಕೋನ್’ ಎಂದಳು. ಗಾಜಿನ ಕಿಟಕಿಯ ಸಂದಿಗೆ ತುಂಬುವ ಸಿಲಿಕೋನ್ ಇದರದೇ ಬಳಗ.

ಸಿಲಿಕೋನ್ ವಿಷ ಎಂದು ನಾನು ಹೇಳುತ್ತಿಲ್ಲ, ಯಾರೂ ಹಾಗೆ ತಿಳಿಯಬಾರದು. ಅದು ಎಳೆಯ ಮೇಲೆ ತೆಳ್ಳಗೆ ಹರಡಿ, ಎಳೆಗೆ ಎಳೆ ಉಜ್ಜದ ಹಾಗೆ ಜಾರಿಸುತ್ತದೆ, ಹೊಳಪು ಕೊಡುತ್ತದೆ. ನನ್ನ ಸೊಸೆಯದು ಒರಟು ಕೂದಲು, ಮೇಲಾಗಿ ಬಣ್ಣ ಹಾಕಿಸಿಕೊಂಡದ್ದು. ನನ್ನ ಪಾಲಿಗೆ ಶತ್ರುವಾದ ಅದೇ ಸೀಸೆಗಳನ್ನು ಅವಳು ತೆಗೆದುಕೊಂಡು ಹೋಗಿ ಬಳಸಿದಳು. ‘ಅತ್ತೆ, ಇಷ್ಟು ಚೆನ್ನಾಗಿ ಬಾಚಲು ಬಂದದ್ದೇ ಇಲ್ಲ’ ಎಂದಳು. ಬಣ್ಣಕ್ಕೆ, ಬಿಸಿಗೆ ಸಿಕ್ಕಿ ಎಳೆಯ ಮೇಲಿನ ಹೆಂಚಿನಂಥ ಪೊರೆ ಎದ್ದ ಕೂದಲಿಗೆ ಪ್ರೊಟೀನು ತೇಪೆಯ ಹಾಗೆ ಸಹಾಯ ಮಾಡುತ್ತದೆ. ನನ್ನ ಕೂದಲಿಗೆ ತೇಪೆ ಬೇಕಿರಲಿಲ್ಲ.

ಆದರೆ ನವಿರು ಕೂದಲಿಗೆ ಲೇಪ ಏಕೆ ಭಾರ ಎಂಬ ಲೆಕ್ಕ ನೂಲಿಗೆ ಬಣ್ಣ ಹಾಕುವವರಿಗೆ ಬಾಯಿಪಾಠ. ಒಂದು ಕಿಲೋ ದಪ್ಪ ನೂಲಿಗೂ ಒಂದು ಕಿಲೋ ಸಣ್ಣ ನೂಲಿಗೂ ಅದೇ ಗಾಢತೆ ಬರಬೇಕಾದರೆ ಸಣ್ಣ ನೂಲು ಹೆಚ್ಚು ಬಣ್ಣ ಕುಡಿಯುತ್ತದೆ, ಏಕೆಂದರೆ ಅದರ ಮೈ ಹೆಚ್ಚು. ಎಳೆಯ ದಪ್ಪ ಅರ್ಧವಾದರೆ ಅದರ ಹೊರಮೈ ಅರ್ಧವಾಗುತ್ತದೆ, ತೂಕವೋ ಕಾಲು ಭಾಗಕ್ಕೆ ಇಳಿಯುತ್ತದೆ. ಒಂದೇ ದಪ್ಪದ ಲೇಪ ಹಚ್ಚಿದರೆ ಸಣ್ಣ ಎಳೆ ತನ್ನ ತೂಕಕ್ಕೆ ಹೋಲಿಸಿ ಎರಡು ಪಟ್ಟು ಹೊರೆ ಹೊರುತ್ತದೆ. ಅದಕ್ಕೇ ನೆತ್ತಿಗೆ ಅಂಟುತ್ತದೆ, ಜೋತು ಬೀಳುತ್ತದೆ. ಇನ್ನೊಂದು, ಈ ಸಿಲಿಕೋನುಗಳಲ್ಲಿ ಹಲವು ನೀರಿಗೆ ಕರಗುವುದಿಲ್ಲ. ಮೆದು ಶಾಂಪೂವಿಗೆ ಪೂರ್ತಿ ಹೋಗದೆ ಒಂದರ ಮೇಲೊಂದು ಪದರ ಕೂರುತ್ತವೆ.

ನಾನು ಮಾಡಿದ್ದು ದೊಡ್ಡ ವಿದ್ಯೆಯಲ್ಲ. ಮೊದಲು ಒಂದು ಸಲ, ಏನೂ ಸೇರಿಸದ, ಚೆನ್ನಾಗಿ ಜಿಡ್ಡು ಬಿಡಿಸುವ ಸಾದಾ ಶಾಂಪೂವಿನಿಂದ ಎರಡೆರಡು ಬಾರಿ ತೊಳೆದೆ. ತೊಳೆದ ಕೂಡಲೆ ಕೂದಲು ಕಿರ್ ಎನ್ನುವಷ್ಟು ಖಾಲಿಯಾಯಿತು, ಸಿಕ್ಕು ಬಿದ್ದಿತು, ಹೆದರಿದೆ. ಆದರೆ ಆರಿದ ಮೇಲೆ ಹಗುರವಾಗಿ ಗಾಳಿಗೆ ಹಾರಿತು. ಒಂದೂವರೆ ವರ್ಷದಲ್ಲಿ ಅದು ಹಾರಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಪ್ರೊಟೀನೂ ಸಿಲಿಕೋನೂ ಇಲ್ಲದ ಕಂಡೀಷನರನ್ನು ಹುಡುಕಿ, ಕಡಲೆಕಾಳಿನಷ್ಟೇ ಅಂಗೈಗೆ ಹಾಕಿಕೊಂಡು ನೀರಿನಲ್ಲಿ ಬಿಡಿಸಿ, ಕಿವಿಯಿಂದ ಕೆಳಗೆ ಮಾತ್ರ ಹಚ್ಚಿ ತೊಳೆಯತೊಡಗಿದೆ. ನೆತ್ತಿಗೆ ಸೋಕಿಸುವುದಿಲ್ಲ. ನವಿರು ಕೂದಲಿಗೆ ಅದು ಬೇಕೂ ಇಲ್ಲ, ನೆತ್ತಿಯ ಎಣ್ಣೆಯೇ ಬೇಗ ಇಳಿದು ಬರುತ್ತದೆ. ಮೂರು ಸಲ ಎರೆದುಕೊಳ್ಳುವಷ್ಟರಲ್ಲಿ ಚಟಚಟ ನಿಂತಿತು. ಮುರಿದದ್ದು ಮುರಿದದ್ದೇ, ಅದನ್ನು ಯಾವ ಔಷಧವೂ ಕೂಡಿಸುವುದಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಭುಜಕ್ಕೆ ಕತ್ತರಿಸಿ, ಸೊಂಟದ ತನಕ ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ನೀರಿನ ಮಾತನ್ನೂ ಹೇಳಲೇಬೇಕು, ನಮ್ಮ ಕಡೆ ಅರ್ಧ ತೊಂದರೆ ಅಲ್ಲಿದೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ, ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಗಡಸು ನೀರೇ ಗತಿ. ನಮ್ಮ ಹಂಡೆಯ ಒಳಗೆ ವರ್ಷಕ್ಕೊಮ್ಮೆ ಸುತ್ತಿಗೆಯಿಂದ ಬಿಳಿ ಹೆಂಟೆ ಕೆರೆದು ತೆಗೆಯುತ್ತೇವೆ. ನೀರು ಗಡಸಾದರೆ ನೂಲಿನ ಗುಣ ಕೆಡುತ್ತದೆ ಎಂದು ನೂಲು ಬಿಚ್ಚುವ ರೀಲರುಗಳು ಗೋಳಾಡುತ್ತಾರೆ; ಅದೇ ನೀರನ್ನು ತಲೆಗೆ ಸುರಿದುಕೊಂಡು ಕೂದಲಿಗೆ ಏನೂ ಆಗುವುದಿಲ್ಲ ಎಂದು ಹೇಗೆ ಅಂದುಕೊಂಡೆವೋ ತಿಳಿಯದು. ಈಗ ನಾನು ಕೊನೆಯ ಎರಡು ಚೊಂಬು ನೀರನ್ನು ಬೇರೆ ಇಟ್ಟುಕೊಳ್ಳುತ್ತೇನೆ. ಮಳೆಗಾಲದಲ್ಲಿ ಮಾಳಿಗೆಯಿಂದ ಹಿಡಿದ ಮಳೆನೀರು, ಬೇಸಿಗೆಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿನಿಂದ ತೆಗೆದದ್ದು. ಅದಕ್ಕೆ ನಾಲ್ಕು ಹನಿ ನಿಂಬೆರಸ. ಕುಡಿಯುವ ನೀರನ್ನು ತಲೆಗೆ ಹಾಕುವುದೇ ಎಂದು ನಮ್ಮ ಯಜಮಾನರು ಮೊದಮೊದಲು ಬೇಸರಿಸಿದರು. ಎರಡು ಚೊಂಬಷ್ಟೇ ಎಂದು ಒಪ್ಪಿಸಿದ್ದೇನೆ.

ಹಳೆಯದೆಲ್ಲ ಒಳ್ಳೆಯದು ಎಂಬ ಮಾತೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸೀಗೆಪುಡಿಯ ತರಿ ನನ್ನ ಕೂದಲಲ್ಲಿ ಸಿಕ್ಕಿ ಎಷ್ಟು ತೊಳೆದರೂ ಹೋಗುವುದಿಲ್ಲ. ಸೀಗೆಕಾಯಿ ಕುದಿಸಿ ತೆಳ್ಳನೆಯ ಬಟ್ಟೆಯಲ್ಲಿ ಸೋಸಿದರೆ ಮಾತ್ರ ಸರಿ. ಕಡಲೆಹಿಟ್ಟು ನನಗೆ ಆಗುವುದೇ ಇಲ್ಲ. ಒಗ್ಗಿದ್ದು ದಾಸವಾಳದ ಸೊಪ್ಪು. ನಮ್ಮ ಅತ್ತಿಗೆ ಸಾಗರದ ಕಡೆಯವರು, ಅವರ ಮನೆಯಲ್ಲಿ ಅದಕ್ಕೆ ಗೊಂಪು ಎನ್ನುತ್ತಾರೆ. ಎರಡು ಹಿಡಿ ಎಲೆಯನ್ನು ಬೋಗುಣಿಯ ನೀರಿನಲ್ಲಿ ಹಾಕಿ ಕೈಯಿಂದ ಹಿಸುಕುತ್ತ ಹೋದರೆ ನೀರು ಮೆಲ್ಲಗೆ ಹಸಿರಾಗಿ, ಬೆರಳಿನಿಂದ ಎತ್ತಿದರೆ ದಾರದಂತೆ ಇಳಿಯುವ ಲೋಳೆಯಾಗುತ್ತದೆ. ಸೋಸಿ ತಲೆಗೆ ಹಾಕಿದರೆ ಸಿಕ್ಕು ತಾನಾಗಿ ಜಾರುತ್ತದೆ, ತೊಳೆದರೆ ಪೂರ್ತಿ ಹೋಗುತ್ತದೆ, ಹೊರೆ ಉಳಿಸುವುದಿಲ್ಲ. ಅತ್ತಿಗೆ ಮೊದಲ ಸಲ ಅದನ್ನು ನನ್ನ ತಲೆಗೆ ಹಾಕಿದಾಗ ಬಚ್ಚಲುಮನೆ ತುಂಬ ಮಳೆ ಬಿದ್ದ ತೋಟದ ವಾಸನೆ ಬಂದಿತ್ತು.

ಕೊಬ್ಬರಿ ಎಣ್ಣೆಯನ್ನು ಬಿಟ್ಟಿಲ್ಲ, ಹಚ್ಚುವ ರೀತಿ ಬದಲಿಸಿದ್ದೇನೆ. 2003ರಲ್ಲಿ ನಮ್ಮ ದೇಶದ ಸಂಶೋಧಕರೇ ಪ್ರಕಟಿಸಿದ ಒಂದು ಅಧ್ಯಯನವಿದೆ. ತೊಳೆಯುವ ಮೊದಲು ಕೊಬ್ಬರಿ ಎಣ್ಣೆ ಹಚ್ಚಿದರೆ ಅದು ಎಳೆಯೊಳಗೆ ಇಳಿದು, ಕೂದಲಿನ ಸ್ವಂತ ಪ್ರೊಟೀನು ತೊಳೆದು ಹೋಗುವುದನ್ನು ತಗ್ಗಿಸುತ್ತದೆ. ಸೂರ್ಯಕಾಂತಿ ಎಣ್ಣೆ, ಪೆಟ್ರೋಲಿಯಮ್ಮಿನಿಂದ ತೆಗೆಯುವ ಮಿನರಲ್ ಆಯಿಲ್ ಹಾಗೆ ಮಾಡುವುದಿಲ್ಲ ಎಂದು ಅದು ತೋರಿಸಿತು. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರು ಎಂಬುದನ್ನೂ ಜೊತೆಗೇ ಹೇಳುವುದು ನ್ಯಾಯ. ನನ್ನ ಅನುಭವಕ್ಕಂತೂ ಹೊಂದಿದೆ. ಅರ್ಧ ಚಮಚ ಸಾಕು, ಎರೆದುಕೊಳ್ಳುವುದಕ್ಕೆ ಒಂದು ಗಂಟೆ ಮೊದಲು. ರಾತ್ರಿಯಿಡೀ ಸುರಿಯುವಷ್ಟು ಹಚ್ಚಿದರೆ ಅದನ್ನು ತೆಗೆಯಲು ಮತ್ತೆ ಎರಡು ಪಟ್ಟು ಶಾಂಪೂ ಬೇಕು. ಹೊರಗಿನಿಂದ ಪ್ರೊಟೀನು ಮೆತ್ತುವುದಕ್ಕಿಂತ ಒಳಗಿರುವುದನ್ನು ಉಳಿಸಿಕೊಳ್ಳುವುದು ನವಿರು ಕೂದಲಿನವರಿಗೆ ಮೊದಲ ಕೆಲಸ.

ಇನ್ನು ನಾನು ಈ ಪತ್ರ ಬರೆಯಲು ಕುಳಿತ ಮುಖ್ಯ ಕಾರಣಕ್ಕೆ ಬರುತ್ತೇನೆ. ನಾನು ಸೀಸೆ ಕೊಂಡವಳು, ಅದಕ್ಕೆ ಸೀಸೆಯ ಹಿಂದೆ ಓದಲು ಏನೋ ಇತ್ತು. ನಮ್ಮ ಬೀದಿಯ ಹೆಚ್ಚಿನ ಹೆಣ್ಣುಮಕ್ಕಳು ಕೊಳ್ಳುವುದು ಅಂಗಡಿಯ ಮುಂದೆ ಮಾಲೆಯಾಗಿ ತೂಗುವ ಒಂದು ಎರಡು ರೂಪಾಯಿಯ ಪ್ಯಾಕೆಟ್. ಪಕ್ಕದ ಮನೆಯ ಹುಡುಗಿ ನನ್ನ ಹಾಗೆಯೇ ನವಿರು ಕೂದಲಿನವಳು, ನನ್ನ ಹಾಗೆಯೇ ಜಡೆ ಮುರಿದುಕೊಂಡು ಬಂದಳು. ಅವಳ ಕೈಯಲ್ಲಿದ್ದ ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಬೆಲೆ ಇತ್ತು, ತಾರೀಖು ಇತ್ತು, ಹೊಳೆಯುವ ಕೂದಲಿನ ಚಿತ್ರ ಇತ್ತು. ಒಳಗೇನಿದೆ ಎಂದು ಇರಲಿಲ್ಲ. ತಂಗಿಯ ಮಗಳನ್ನು ಕೇಳಿದೆ. ಅವಳು ನಿಯಮ ಹುಡುಕಿ ಹೇಳಿದಳು: ಪ್ರಸಾಧನ ಸಾಮಗ್ರಿಗಳ ಮೇಲೆ ಶೇ 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿಯೂ, ಉಳಿದವನ್ನು ಅದರ ನಂತರ ಯಾವ ಕ್ರಮದಲ್ಲಾದರೂ ಮುದ್ರಿಸಬೇಕು, ಆದರೆ ದ್ರವವಾದರೆ 60 ಮಿಲಿಲೀಟರಿಗಿಂತ, ಗಟ್ಟಿಯಾದರೆ 30 ಗ್ರಾಮಿಗಿಂತ ಕಡಿಮೆ ಇರುವ ಪ್ಯಾಕಿಗೆ ಅದು ಕಡ್ಡಾಯವಲ್ಲ. ಪ್ಯಾಕೆಟ್ಟಿನಲ್ಲಿ ಇರುವುದೇ ಐದಾರು ಮಿಲಿಲೀಟರ್. ಅಂದರೆ ಇನ್ನೂರು ರೂಪಾಯಿ ಕೊಡುವವರಿಗೆ ತಿಳಿಯುವ ಹಕ್ಕಿದೆ, ಎರಡು ರೂಪಾಯಿ ಕೊಡುವವರಿಗೆ ಇಲ್ಲ. ಜಾಗ ಸಾಲದು ಎಂಬುದು ಕಾರಣವಿರಬಹುದು. ಚಿತ್ರಕ್ಕೆ ಜಾಗ ಸಾಲುತ್ತದೆಯಲ್ಲ. ಮಾಲೆಗೊಂದು ಚೀಟಿ ಅಂಟಿಸಿ ಅಂಗಡಿಯಲ್ಲಿ ತೂಗುಹಾಕಿದರೂ ಆದೀತು.

ಇದು ಬರಿಯ ಚೆಂದದ ಪ್ರಶ್ನೆಯಲ್ಲ. ನನಗೆ ಆದದ್ದು ಅಲರ್ಜಿಯಲ್ಲ, ಕೂದಲು ಬಿರುಸಾಯಿತು ಅಷ್ಟೇ. ಆದರೆ ಜಪಾನಿನಲ್ಲಿ ಒಂದು ಮುಖದ ಸೋಪಿಗೆ ಹಾಕಿದ್ದ ಒಡೆದ ಗೋಧಿ ಪ್ರೊಟೀನಿನಿಂದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿಯ ಅಲರ್ಜಿ ಅಂಟಿಕೊಂಡಿತು. ಅಲ್ಲಿಯವರೆಗೆ ಗೋಧಿ ತಿಂದು ಅರಗಿಸಿಕೊಳ್ಳುತ್ತಿದ್ದವರು ಅವರು. 2011ರಲ್ಲಿ ಆ ಸೋಪನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಲಾಯಿತು. ಗೋಧಿ ಆಗದವರ ಮನೆ ನಮ್ಮಲ್ಲೂ ಇವೆ. ಅವರು ಹೇಗೆ ತಿಳಿಯಬೇಕು?

ಕೇಂದ್ರ ಆರೋಗ್ಯ ಸಚಿವಾಲಯ ಸಣ್ಣ ಪ್ಯಾಕಿಗೆ ಕೊಟ್ಟ ಈ ವಿನಾಯಿತಿಯನ್ನು ತೆಗೆಯಬೇಕೆಂದು ನಿಮ್ಮ ಪತ್ರಿಕೆ ಒತ್ತಾಯಿಸಲಿ. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಕನ್ನಡವೂ ಇರಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಆ ಕನ್ನಡ ಹೆಸರಿಗೆ, ಬಳಸುವ ವಿಧಾನಕ್ಕೆ ಮುಗಿಯದೆ ಘಟಕಗಳ ಪಟ್ಟಿಗೂ ಬರಲಿ. ಅನುವಾದ ಬೇಡ, ಡೈಮೆಥಿಕೋನ್ ಎಂದೇ ಕನ್ನಡ ಅಕ್ಷರದಲ್ಲಿ ಬರೆದರೆ ನಾವು ಗುರುತಿಸಿಕೊಳ್ಳುತ್ತೇವೆ. ಜ್ವರದ ಮಾತ್ರೆಯ ಹೆಸರನ್ನು ಗುರುತಿಸುವುದಿಲ್ಲವೇ?

ಅದು ಆಗುವ ತನಕ ನೀವು ಮಾಡಬಹುದಾದ ಒಂದು ಕೆಲಸವಿದೆ. ಪುರವಣಿಯಲ್ಲಿ ಇನ್ನೊಮ್ಮೆ ಕೂದಲ ಬಗ್ಗೆ ಬರೆಸುವಾಗ ಒರಟು ಕೂದಲಿಗೆ ಇದು, ನವಿರು ಕೂದಲಿಗೆ ಇದು ಎಂದು ಬಿಡಿಸಿ ಬರೆಸಿ. ಅದರ ಪಕ್ಕದಲ್ಲಿ ನನ್ನ ಲೆಕ್ಕದ ಪುಸ್ತಕದ ಆ ಹಾಳೆಯನ್ನು ಒಂದು ಚೌಕಟ್ಟು ಹಾಕಿ ದೊಡ್ಡ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಅದು ಹೇಗೆ ಕಾಣುತ್ತದೆ ಎಂಬುದನ್ನೂ ಜೊತೆಗಿಟ್ಟು ಮುದ್ರಿಸಿ: ಡೈಮೆಥಿಕೋನ್, ಅಮೋಡೈಮೆಥಿಕೋನ್, ಡೈಮೆಥಿಕೊನಾಲ್, ಸೈಕ್ಲೋಪೆಂಟಾಸಿಲೋಕ್ಸೇನ್, ಹೈಡ್ರೊಲೈಸ್ಡ್ ಎಂದು ಆರಂಭವಾಗುವ ಕೆರಾಟಿನ್, ವೀಟ್, ಸೋಯ, ಸಿಲ್ಕ್. ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಳ್ಳುವಷ್ಟು ಅಳತೆ ಇರಲಿ. ನಾನು ಇಪ್ಪತ್ತು ಪ್ರತಿ ಕೊಂಡು ನಮ್ಮ ಬೀದಿಯಲ್ಲಿ ಹಂಚುತ್ತೇನೆ, ಮೊದಲನೆಯದು ಪಕ್ಕದ ಮನೆಯ ಹುಡುಗಿಗೆ.

ಇಂತಿ ನಿಮ್ಮ ಪತ್ರಿಕೆಯ ಓದುಗಾರ್ತಿ,
ಶಿಡ್ಲಘಟ್ಟ